ಒಸಡಿಗೆ ಸೂಜಿ: ನೋವು ಎಲ್ಲಿಂದ ಬರುತ್ತದೆ, ಹೇಗೆ ತಗ್ಗುತ್ತದೆ

ಕಡೂರು, ತರೀಕೆರೆ, ಅಜ್ಜಂಪುರದ ಸುತ್ತಿನ ಹಳ್ಳಿಗಳಲ್ಲಿ ಹಲ್ಲುನೋವು ಶುರುವಾದ ಕೂಡಲೇ ಯಾರೂ ಆಸ್ಪತ್ರೆಯ ದಾರಿ ಹಿಡಿಯುವುದಿಲ್ಲ. ಮೊದಲು ಒಂದು ಲವಂಗ ಕಚ್ಚಿಕೊಳ್ಳುತ್ತಾರೆ. ಅದಕ್ಕೂ ಬಗ್ಗದಿದ್ದರೆ ಹತ್ತಿಗೆ ಲವಂಗದೆಣ್ಣೆ ಅದ್ದಿ ಹುಳುಕಿನೊಳಗೆ ತುರುಕುತ್ತಾರೆ. ನಶ್ಯ ಒತ್ತುವವರಿದ್ದಾರೆ, ಎಕ್ಕದ ಹಾಲು ಬಿಡುವವರಿದ್ದಾರೆ, ನೋವಿನ ಮಾತ್ರೆಯನ್ನೇ ಪುಡಿಮಾಡಿ ಹಚ್ಚಿ ಒಸಡು ಸುಟ್ಟುಕೊಳ್ಳುವವರೂ ಇದ್ದಾರೆ. ಆಮೇಲೆ ಮೆಡಿಕಲ್ ಸ್ಟೋರಿನ ಮಾತ್ರೆಯ ಮೇಲೆ ವಾರಗಳು ಉರುಳುತ್ತವೆ. ಅಡಿಕೆ ಕೊಯ್ಲು ಮುಗಿಯಲಿ, ರಾಗಿ ಕಣಕ್ಕೆ ಬರಲಿ, ಊರಹಬ್ಬ ಕಳೆಯಲಿ ಎಂದು ದಿನ ಮುಂದಕ್ಕೆ ಹೋಗುತ್ತದೆ. ಕೊನೆಗೊಂದು ದಿನ ಕೆನ್ನೆ ಊದಿಸಿಕೊಂಡು, ಟವೆಲಿನಲ್ಲಿ ದವಡೆ ಕಟ್ಟಿಕೊಂಡು ಬಂದು ಕುರ್ಚಿಯ ಮೇಲೆ ಕೂತಾಗ ಬಾಯಿಂದ ಬರುವ ಮೊದಲ ಮಾತು: “ಸೂಜಿ ಚುಚ್ತೀರಾ ಡಾಕ್ಟ್ರೇ?”

ಅಷ್ಟು ದಿನ ತಳ್ಳಿದ್ದಕ್ಕೆ ಕೆಲಸದ ಒತ್ತಡವೂ ಕಾರಣ, ದುಡ್ಡಿನ ಚಿಂತೆಯೂ ಕಾರಣ. ಇವೆರಡರ ಅಡಿಯಲ್ಲಿ ಸೂಜಿಯ ಭಯ ಕೂತಿರುತ್ತದೆ. ಈ ಭಯಕ್ಕೆ ತೆರುವ ಬೆಲೆ ದೊಡ್ಡದು. ಹಲ್ಲಿನ ಬುಡದಲ್ಲಿ ಕೀವು ಕಟ್ಟಿದ ಮೇಲೆ ಮರಗಟ್ಟಿಸುವ ಮದ್ದು ಸರಿಯಾಗಿ ಹಿಡಿಯುವುದಿಲ್ಲ. ಅಂದರೆ ಸೂಜಿಗೆ ಹೆದರಿ ತಡಮಾಡಿದವರೇ ಸೂಜಿಯಿಂದ ಹೆಚ್ಚು ನೋಯುತ್ತಾರೆ. ಅವರು ಊರಿಗೆ ಹೋಗಿ ಹೇಳುವ ಕತೆ ಇನ್ನು ನಾಲ್ಕು ಜನರನ್ನು ಹೆದರಿಸುತ್ತದೆ.

ಹಾಗಾಗಿ ಆ ಪ್ರಶ್ನೆಗೆ ನೇರವಾಗಿ ಉತ್ತರ ಹೇಳಬೇಕು. ಹೌದು, ಹಲ್ಲು ಕೀಳಲು, ರೂಟ್ ಕೆನಾಲ್ ಮಾಡಲು ಇಂದಿಗೂ ಸೂಜಿ ಬೇಕು. ಆದರೆ ಆ ಸೂಜಿ ಈಗ ನಮ್ಮಲ್ಲಿ ನೋಯುತ್ತಿರುವಷ್ಟು ನೋಯಬೇಕಾಗಿಲ್ಲ. ನೋವು ತಗ್ಗಿಸುವ ಉಪಾಯಗಳಲ್ಲಿ ಹೆಚ್ಚಿನವಕ್ಕೆ ದೊಡ್ಡ ಊರಿನ ಯಂತ್ರ ಬೇಡ. ತಾಲ್ಲೂಕು ಆಸ್ಪತ್ರೆಯ ಕುರ್ಚಿಯಲ್ಲೇ ಆಗುವಂಥವು ಅವು.

ಚುಚ್ಚುವುದಕ್ಕಿಂತ ತಳ್ಳುವುದು ನೋಯುತ್ತದೆ

ಸೂಜಿ ದಪ್ಪ ಇದ್ದಷ್ಟೂ ನೋವು ಹೆಚ್ಚು ಎಂಬುದು ಎಲ್ಲರ ನಂಬಿಕೆ. ಸೂಜಿಯ ದಪ್ಪವನ್ನು ಗೇಜಿನಲ್ಲಿ ಹೇಳುತ್ತಾರೆ. ಗೇಜಿನ ಅಂಕಿ ಏರಿದಷ್ಟೂ ಸೂಜಿ ತೆಳು. 25 ಗೇಜಿನ ಸೂಜಿ ಸುಮಾರು ಅರ್ಧ ಮಿಲಿಮೀಟರ್ ದಪ್ಪ, 30 ಗೇಜಿನದು 0.3 ಮಿಲಿಮೀಟರ್. ಯಾವ ಸೂಜಿ ಎಂದು ರೋಗಿಗೆ ತಿಳಿಸದೆ 25, 27, 30 ಗೇಜುಗಳನ್ನು ಬಳಸಿ ನೋಡಿದ ಅಧ್ಯಯನಗಳಲ್ಲಿ ಜನ ಅವುಗಳ ನಡುವಿನ ವ್ಯತ್ಯಾಸವನ್ನೇ ಗುರುತಿಸಲಾರದೆ ಹೋದರು. ಸೂಜಿ ಒಸಡಿನ ಮೇಲ್ಪದರ ದಾಟುವುದು ಕ್ಷಣದ ಕೆಲಸ. ಹೊಸ ಸೂಜಿಯಾಗಿದ್ದು, ಮೇಲೆ ಜೆಲ್ ಹಚ್ಚಿದ್ದರೆ ಅದು ಗೊತ್ತಾಗುವುದೇ ಕಡಿಮೆ.

ನಿಜವಾದ ನೋವು ಬರುವುದು ಅದಾದ ಮೇಲೆ, ಮದ್ದು ಒಳಗೆ ಹೋಗುವಾಗ. ಅದಕ್ಕೆ ಮೂರು ಮೂಲಗಳಿವೆ.

ಮೊದಲನೆಯದು ಒತ್ತಡ. ಒಸಡಿನ ಕೆಳಗೆ ಜಾಗ ಬಹಳ ಕಡಿಮೆ. ಒಂದೂವರೆ ಎರಡು ಮಿಲಿಲೀಟರ್ ಮದ್ದನ್ನು ಕೆಲವೇ ಸೆಕೆಂಡುಗಳಲ್ಲಿ ತಳ್ಳಿದರೆ ಅಲ್ಲಿನ ಅಂಗಾಂಶ ಹಿಗ್ಗಿ ಹರಿದಂತಾಗುತ್ತದೆ. ಮೇಲಿನ ಅಂಗುಳದಲ್ಲಂತೂ ಚರ್ಮ ಮೂಳೆಗೆ ಅಂಟಿಕೊಂಡೇ ಇರುತ್ತದೆ, ಹಿಗ್ಗಲು ಎಡೆಯೇ ಇಲ್ಲ. ಹಲ್ಲು ಕೀಳಿಸಿಕೊಂಡವರು ಕೈಮುಗಿದು “ಮೇಲ್ಗಡೆ ಒಳಗೆ ಚುಚ್ಚಿದ್ದೇ ಪ್ರಾಣ ಹೋಯ್ತು” ಎನ್ನುವುದು ಈ ಅಂಗುಳದ ಸೂಜಿಯ ಬಗ್ಗೆ.

ಎರಡನೆಯದು ಮದ್ದಿನ ಹುಳಿ. ನಮ್ಮಲ್ಲಿ ಹಲ್ಲಿನ ಡಾಕ್ಟರು ಹೆಚ್ಚಾಗಿ ಬಳಸುವುದು ಶೇಕಡ 2ರ ಲಿಗ್ನೋಕೇನ್. ಅದರ ಜೊತೆ 80,000ಕ್ಕೆ ಒಂದು ಭಾಗ ಅಡ್ರಿನಲಿನ್ ಸೇರಿರುತ್ತದೆ. ಅಡ್ರಿನಲಿನ್ ಅಲ್ಲಿನ ರಕ್ತನಾಳಗಳನ್ನು ಕುಗ್ಗಿಸಿ ಮದ್ದು ಹರಿದುಹೋಗದಂತೆ ತಡೆಯುತ್ತದೆ. ಅದಿಲ್ಲದಿದ್ದರೆ ಹಲ್ಲು ಮರಗಟ್ಟುವುದು ಐದು ಹತ್ತು ನಿಮಿಷ ಮಾತ್ರ, ಅದಿದ್ದರೆ ಸುಮಾರು ಒಂದು ಗಂಟೆ. ಆದರೆ ಅಡ್ರಿನಲಿನ್ ಕೆಡದೆ ಉಳಿಯಬೇಕಾದರೆ ದ್ರಾವಣ ಹುಳಿಯಾಗಿರಬೇಕು. ಹುಳಿಯನ್ನು ಅಳೆಯುವ ಅಂಕಿ ಪಿಎಚ್; ಅದು ಇಳಿದಷ್ಟೂ ಹುಳಿ ಹೆಚ್ಚು. ನಮ್ಮ ದೇಹದ ಪಿಎಚ್ 7.4, ಈ ಮದ್ದಿನದು ಸುಮಾರು 3.5ರಿಂದ 4.5. ಚುಚ್ಚಿದಾಗ ಆಗುವ ಉರಿಗೆ ಇದೇ ಕಾರಣ.

ಮೂರನೆಯದು ತಣ್ಣಗಿನ ಮದ್ದು. ಫ್ರಿಜ್ಜಿನಿಂದ ತೆಗೆದು ಹಾಗೇ ಚುಚ್ಚಿದ ಮದ್ದು ಹೆಚ್ಚು ನೋಯುತ್ತದೆ. ದೇಹದ ಬಿಸಿಗೆ ಹತ್ತಿರ ತಂದು ಹಾಕಿದರೆ ನೋವು ಸ್ವಲ್ಪವಾದರೂ ಇಳಿಯುತ್ತದೆ ಎಂದು ಹಲವು ಅಧ್ಯಯನಗಳು ಹೇಳುತ್ತವೆ.

ಇನ್ನು ಕೀವು ಕಟ್ಟಿದ ಹಲ್ಲಿನ ವಿಷಯ. ಲಿಗ್ನೋಕೇನ್ ದೇಹದೊಳಗೆ ಎರಡು ರೂಪದಲ್ಲಿರುತ್ತದೆ, ವಿದ್ಯುದಾವೇಶ ಇರುವುದು ಮತ್ತು ಇಲ್ಲದ್ದು. ಆವೇಶವಿಲ್ಲದ ರೂಪ ಮಾತ್ರ ನರದ ಪೊರೆ ದಾಟಿ ಒಳಗೆ ಹೋಗಬಲ್ಲದು. ಒಳಗೆ ಹೋದ ಮೇಲೆ ಮತ್ತೆ ಆವೇಶ ಪಡೆದು, ಸೋಡಿಯಂ ಹಾದುಹೋಗುವ ಬಾಗಿಲುಗಳನ್ನು ಮುಚ್ಚುತ್ತದೆ. ನೋವಿನ ಸುದ್ದಿ ಮಿದುಳಿಗೆ ತಲುಪುವುದು ಅಲ್ಲಿಗೆ ನಿಲ್ಲುತ್ತದೆ. ಆರೋಗ್ಯವಾದ ಒಸಡಿನಲ್ಲಿ ಸುಮಾರು ಕಾಲುಭಾಗ ಮದ್ದು ಒಳಹೋಗಬಲ್ಲ ರೂಪದಲ್ಲಿರುತ್ತದೆ. ಕೀವಿನ ಜಾಗ ಮೊದಲೇ ಹುಳಿ. ಅಲ್ಲಿ ಆ ಪಾಲು ತೀರಾ ಇಳಿದುಹೋಗುತ್ತದೆ. “ನನಗೆ ಇಂಜೆಕ್ಷನ್ ಹಿಡಿಯೋದೇ ಇಲ್ಲ” ಎನ್ನುವವರಲ್ಲಿ ಬಹಳ ಮಂದಿಯ ತೊಂದರೆ ಅವರ ಮೈಗುಣದ್ದಲ್ಲ, ಬಂದ ಹೊತ್ತಿನದು.

ಬಾರ್ಲಿಯಿಂದ ಬಂದ ಮದ್ದು

ನೋವಿಲ್ಲದೆ ಚಿಕಿತ್ಸೆ ಮಾಡುವ ಹುಡುಕಾಟದಲ್ಲಿ ಹಲ್ಲಿನ ವೈದ್ಯರೇ ಮುಂದಿದ್ದರು ಎಂಬುದನ್ನು ಇಲ್ಲಿ ನೆನೆಯಬೇಕು. 1844ರ ಡಿಸೆಂಬರ್ 11ರಂದು ಅಮೆರಿಕದ ಹಾರ್ಟ್‌ಫರ್ಡ್ ಊರಿನ ದಂತವೈದ್ಯ ಹೊರೇಸ್ ವೆಲ್ಸ್ ನಗೆ ಅನಿಲ ಎಳೆದುಕೊಂಡು ತನ್ನದೇ ಹಲ್ಲು ಕೀಳಿಸಿಕೊಂಡ. ಎರಡು ವರ್ಷದ ನಂತರ ಇನ್ನೊಬ್ಬ ದಂತವೈದ್ಯ ವಿಲಿಯಂ ಮಾರ್ಟನ್ ಈಥರ್ ಬಳಕೆಯನ್ನು ಬಾಸ್ಟನ್ನಿನ ಆಸ್ಪತ್ರೆಯಲ್ಲಿ ತೋರಿಸಿದ. ಒಂದು ಜಾಗವನ್ನಷ್ಟೇ ಮರಗಟ್ಟಿಸುವ ವಿದ್ಯೆ 1884ರಲ್ಲಿ ಕೊಕೇನಿನಿಂದ ಶುರುವಾಯಿತು. ಅದೇ ವರ್ಷ ವಿಲಿಯಂ ಹಾಲ್‌ಸ್ಟೆಡ್ ಕೆಳದವಡೆಯ ನರದ ಬಳಿ ಅದನ್ನು ಚುಚ್ಚಿ ನೋಡಿದ. ಆ ಪ್ರಯೋಗಗಳಲ್ಲೇ ಕೊಕೇನಿನ ಚಟಕ್ಕೂ ಬಿದ್ದ.

ಇಂದಿನ ಲಿಗ್ನೋಕೇನಿನ ಬೇರು ಇರುವುದು ಒಂದು ಧಾನ್ಯದಲ್ಲಿ. ಸ್ವೀಡನ್ನಿನಲ್ಲಿ ಬಾರ್ಲಿ ಗಿಡದ ರಾಸಾಯನಿಕಗಳ ಮೇಲೆ ಕೆಲಸ ನಡೆಯುತ್ತಿದ್ದಾಗ, 1930ರ ದಶಕದಲ್ಲಿ ಹೊಲ್ಗರ್ ಎರ್ಟ್‌ಮನ್ ಎಂಬ ವಿಜ್ಞಾನಿ ತಾನು ತಯಾರಿಸಿದ ವಸ್ತುವನ್ನು ನಾಲಿಗೆಗೆ ತಾಗಿಸಿ ನೋಡಿದ. ನಾಲಿಗೆ ಮರಗಟ್ಟಿತು. ಆ ಎಳೆ ಹಿಡಿದು ಹೊರಟ ನಿಲ್ಸ್ ಲೋಫ್‌ಗ್ರೆನ್ 1943ರಲ್ಲಿ ಲಿಗ್ನೋಕೇನ್ ತಯಾರಿಸಿದ. ಅವನ ಸಹಾಯಕ ಬೆಂಗ್ಟ್ ಲುಂಡ್‌ಕ್ವಿಸ್ಟ್ ಅದನ್ನು ತನ್ನ ಮೈಗೇ ಚುಚ್ಚಿಕೊಂಡು ಪರೀಕ್ಷಿಸಿದ. 1948ರಲ್ಲಿ ಮಾರುಕಟ್ಟೆಗೆ ಬಂದ ಮದ್ದು ಇಂದಿಗೂ ಹಲ್ಲಿನ ಡಾಕ್ಟರ ಮೇಜಿನ ಮೇಲೆ ಇದೆ. ಮದ್ದು ಎಂಬತ್ತು ವರ್ಷ ಹಳೆಯದು. ಹೊಸದೆಲ್ಲ ಅದನ್ನು ಒಳಗೆ ಕಳಿಸುವ ಬಗೆಯಲ್ಲಿದೆ.

ಒಳ್ಳೆಯ ಕೈ ಹೇಗೆ ಕೆಲಸ ಮಾಡುತ್ತದೆ

ನುರಿತ ಡಾಕ್ಟರೊಬ್ಬರು ಸೂಜಿ ಹಾಕುವುದನ್ನು ಹತ್ತಿರದಿಂದ ನೋಡಿ. ಮೊದಲು ರೋಗಿಯನ್ನು ಕುರ್ಚಿಯಲ್ಲಿ ಒರಗಿಸಿ ಮಲಗಿಸುತ್ತಾರೆ. ಹಲ್ಲಿನ ಕುರ್ಚಿಯಲ್ಲಿ ಅತಿ ಹೆಚ್ಚಾಗಿ ಎದುರಾಗುವ ತುರ್ತುಸ್ಥಿತಿ ಎಂದರೆ ಹೆದರಿ ತಲೆತಿರುಗಿ ಬೀಳುವುದು. ಮಲಗಿದವರು ಹಾಗಾಗುವುದು ಕಡಿಮೆ. ಆಮೇಲೆ ಗಾಜ್ ಬಟ್ಟೆಯಿಂದ ಒಸಡು ಒರೆಸಿ ಒಣಗಿಸುತ್ತಾರೆ. ಒದ್ದೆ ಒಸಡಿಗೆ ಹಚ್ಚಿದ ಜೆಲ್ ಎಂಜಲಿನಲ್ಲಿ ತೇಲಿಹೋಗಿ ನಾಲಿಗೆ ಮರಗಟ್ಟಿಸುತ್ತದೆ ಅಷ್ಟೆ. ಹತ್ತಿಯ ಕಡ್ಡಿಯ ತುದಿಗೆ ಚೂರು ಜೆಲ್, ಶೇಕಡ 5ರ ಲಿಗ್ನೋಕೇನೋ ಶೇಕಡ 20ರ ಬೆಂಜೊಕೇನೋ, ತೆಗೆದು ಸೂಜಿ ಹೋಗುವ ಜಾಗದಲ್ಲಿ ಒತ್ತಿ ಹಿಡಿಯುತ್ತಾರೆ. ಇಲ್ಲಿ ಒಂದೆರಡು ನಿಮಿಷ ಕಾಯಲೇಬೇಕು. ಜೆಲ್ ಹಚ್ಚಿ ಮರುಕ್ಷಣ ಚುಚ್ಚುವುದೂ ಹಚ್ಚದೇ ಇರುವುದೂ ಒಂದೇ. ಕಾದರೂ ಅದು ಎರಡು ಮೂರು ಮಿಲಿಮೀಟರ್ ಆಳಕ್ಕಷ್ಟೇ ಇಳಿಯುತ್ತದೆ. ಮೇಲ್ಪದರದ ಚುಚ್ಚುವಿಕೆಗೆ ಅಷ್ಟು ಸಾಕು.

ಆಮೇಲೆ ತುಟಿಯನ್ನೋ ಕೆನ್ನೆಯನ್ನೋ ಬಿಗಿಯಾಗಿ ಎಳೆದು ಹಿಡಿದು, ಬೆರಳಿನಿಂದ ಅದನ್ನು ಅಲುಗಿಸುತ್ತ ಸೂಜಿ ಇಡುತ್ತಾರೆ. ಈ ಅಲುಗಿಸುವುದರ ಹಿಂದೆ ಒಂದು ದೊಡ್ಡ ವಿಜ್ಞಾನವಿದೆ. ಮೊಣಕೈ ಬಾಗಿಲಿಗೆ ತಾಗಿದಾಗ ನಾವು ತಕ್ಷಣ ಅದನ್ನು ಉಜ್ಜಿಕೊಳ್ಳುತ್ತೇವೆ, ಉಜ್ಜಿದರೆ ಹಿತವೆನಿಸುತ್ತದೆ. ಸ್ಪರ್ಶ, ಅಲುಗಾಟಗಳ ಸುದ್ದಿ ಒಯ್ಯುವ ನರದ ಎಳೆಗಳು ದಪ್ಪ, ವೇಗ ಹೆಚ್ಚು. ನೋವಿನ ಎಳೆಗಳು ತೆಳು. ದಪ್ಪ ಎಳೆಗಳ ಸುದ್ದಿ ಮೊದಲು ಬಂದರೆ ನೋವಿನ ಸುದ್ದಿಗೆ ಬಾಗಿಲು ಅರೆಮುಚ್ಚುತ್ತದೆ ಎಂದು ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ವಿವರಿಸಿದರು. ಅದರ ವಿವರಗಳಲ್ಲಿ ಮುಂದೆ ತಿದ್ದುಪಡಿಗಳಾದರೂ ತಿರುಳು ಉಳಿದಿದೆ. ಕೆನ್ನೆ ಅಲುಗಿಸುವ ಬೆರಳು ಮಾಡುವ ಕೆಲಸ ಇದೇ.

ಸೂಜಿ ಒಳಹೋದ ಕೂಡಲೇ ಒಂದೆರಡು ಹನಿ ಬಿಟ್ಟು ನಿಲ್ಲುತ್ತಾರೆ. ಆ ಹನಿಗಳು ಮುಂದಿನ ದಾರಿಯನ್ನು ಮರಗಟ್ಟಿಸುತ್ತವೆ. ಸ್ವಲ್ಪ ಮುಂದೆ ಹೋಗಿ ಪಿಸ್ಟನ್ ಹಿಂದಕ್ಕೆಳೆದು ರಕ್ತ ಬರುತ್ತದೆಯೇ ಎಂದು ನೋಡುತ್ತಾರೆ. ರಕ್ತನಾಳಕ್ಕೆ ಮದ್ದು ಹೋದರೆ ಎದೆ ಡವಗುಟ್ಟುತ್ತದೆ. ಇಲ್ಲವೆಂದು ಖಾತ್ರಿಯಾದ ಮೇಲೆ ತಳ್ಳುವುದು, ಬಹಳ ನಿಧಾನವಾಗಿ. ಒಂದು ಮಿಲಿಲೀಟರ್ ಮದ್ದಿಗೆ ಒಂದು ನಿಮಿಷ ಎಂಬುದು ಪಠ್ಯಪುಸ್ತಕಗಳು ಹೇಳುವ ಆದರ್ಶ ವೇಗ. ಈ ಇಡೀ ಬರಹದಲ್ಲಿ ಒಂದೇ ಒಂದು ಸಂಗತಿ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಅಂಗುಳಕ್ಕೆ ಇನ್ನೊಂದು ಉಪಾಯವಿದೆ. ಸೂಜಿ ಹೋಗುವ ಜಾಗದ ಪಕ್ಕದಲ್ಲಿ ಹತ್ತಿಕಡ್ಡಿಯನ್ನೋ ಬಾಯಿಗನ್ನಡಿಯ ಹಿಡಿಯನ್ನೋ ಗಟ್ಟಿಯಾಗಿ, ಚರ್ಮ ಬಿಳಿಚುವಷ್ಟು ಒತ್ತಿ ಹಿಡಿದು, ಆ ಒತ್ತಡ ಇದ್ದಂತೆಯೇ ಚುಚ್ಚುವುದು. ಅಥವಾ ಕೆನ್ನೆಯ ಕಡೆಯಿಂದ ಮೊದಲು ಮರಗಟ್ಟಿಸಿ, ಎರಡು ಹಲ್ಲುಗಳ ನಡುವಿನ ಮರಗಟ್ಟಿದ ಒಸಡಿನ ಮೂಲಕವೇ ಅಂಗುಳದತ್ತ ಸಾಗುವುದು. ಆರ್ಟಿಕೇನ್ ಎಂಬ ಮದ್ದು ಬಂದ ಮೇಲೆ ಮತ್ತೊಂದು ದಾರಿ ತೆರೆದಿದೆ. 1976ರಲ್ಲಿ ಜರ್ಮನಿಯಲ್ಲಿ ಬಳಕೆಗೆ ಬಂದ ಇದು ಮೂಳೆಯೊಳಗೆ ಲಿಗ್ನೋಕೇನಿಗಿಂತ ಚೆನ್ನಾಗಿ ಹರಡುತ್ತದೆ. ಕೆನ್ನೆಯ ಕಡೆಗಷ್ಟೇ ಅದನ್ನು ಹಾಕಿ, ಅಂಗುಳದ ಸೂಜಿಯೇ ಇಲ್ಲದೆ ಮೇಲಿನ ಹಲ್ಲು ತೆಗೆಯಲು ಬಹಳ ಜನರಲ್ಲಿ ಸಾಧ್ಯವಾಗಿದೆ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಇದನ್ನು ಸಾಮಾನ್ಯವಾಗಿ ಬಳಸುವುದಿಲ್ಲ.

ಇಲ್ಲೊಂದು ಸಣ್ಣ ವಿಷಯ, ನಮ್ಮ ಕಡೆಗೆ ಬಹಳ ಮುಖ್ಯವಾದದ್ದು. ಹೊರದೇಶಗಳಲ್ಲಿ ಮದ್ದು ಹೆಚ್ಚಾಗಿ 1.8 ಮಿಲಿಲೀಟರಿನ ಗಾಜಿನ ಕಾರ್ಟ್ರಿಜ್ಜಿನಲ್ಲಿ ಬರುತ್ತದೆ. ಒಂದು ಕಾರ್ಟ್ರಿಜ್ ಒಬ್ಬರಿಗೆ. ನಮ್ಮ ಊರುಗಳ ಬಹುಪಾಲು ಕ್ಲಿನಿಕ್ಕುಗಳಲ್ಲಿ 30 ಮಿಲಿಲೀಟರಿನ ರಬ್ಬರ್ ಬಿರಡೆಯ ಬಾಟಲಿ ಇರುತ್ತದೆ. ಅದರಿಂದ ಎರಡು ಮಿಲಿಲೀಟರಿನ ಸಿರಿಂಜಿಗೆ ಮದ್ದು ಎಳೆದುಕೊಳ್ಳುತ್ತಾರೆ. ಬಿರಡೆ ಚುಚ್ಚಿದ ಸೂಜಿಯ ತುದಿ ಮೊಂಡಾಗುತ್ತದೆ. ಅದೇ ಸೂಜಿಯನ್ನು ಒಸಡಿಗೆ ಇಳಿಸಿದರೆ ನೋವು ಹೆಚ್ಚು. ಮದ್ದು ಎಳೆಯಲು ಒಂದು ಸೂಜಿ, ಚುಚ್ಚಲು ಹೊಸ ಸೂಜಿ ಎಂದು ಬದಲಿಸುವುದಕ್ಕೆ ತಗಲುವ ಖರ್ಚು ಕೆಲವೇ ರೂಪಾಯಿ. ಒಬ್ಬರಿಗೆ ಚುಚ್ಚಿದ ಸೂಜಿಯನ್ನಂತೂ ಮತ್ತೆ ಬಾಟಲಿಗೆ ಹಾಕಲೇಬಾರದು; ಅದು ನೋವಿನ ಮಾತಲ್ಲ, ಸೋಂಕಿನ ಮಾತು.

ಉರಿ ತಗ್ಗಿಸಲು ಮದ್ದಿನ ಹುಳಿಯನ್ನೇ ಮುರಿಯುವ ಕ್ರಮವೂ ಇದೆ. ಚುಚ್ಚುವ ಮುನ್ನ ಹತ್ತು ಪಾಲು ಲಿಗ್ನೋಕೇನಿಗೆ ಸುಮಾರು ಒಂದು ಪಾಲು ಶುದ್ಧೀಕರಿಸಿದ ಸೋಡಿಯಂ ಬೈಕಾರ್ಬೊನೇಟ್ ದ್ರಾವಣ ಬೆರೆಸಿದರೆ ಪಿಎಚ್ ದೇಹದ ಮಟ್ಟಕ್ಕೆ ಹತ್ತಿರ ಬರುತ್ತದೆ. ದೇಹದ ಬೇರೆಬೇರೆ ಭಾಗಗಳ ಪ್ರಯೋಗಗಳನ್ನು ಒಟ್ಟುಗೂಡಿಸಿದ ಕೊಕ್ರೇನ್ ಸಂಸ್ಥೆಯ 2010ರ ಸಮೀಕ್ಷೆ ಇದರಿಂದ ಚುಚ್ಚುವ ನೋವು ಇಳಿಯುತ್ತದೆ ಎಂದು ಕಂಡುಕೊಂಡಿತು. ಬಾಯಿಯೊಳಗಿನ ಪ್ರಯೋಗಗಳ ಫಲ ಮಾತ್ರ ಒಂದೇ ತೆರನಾಗಿಲ್ಲ. ಬೆರೆಸಿದ ಮದ್ದನ್ನು ಇಟ್ಟುಕೊಳ್ಳುವ ಹಾಗೂ ಇಲ್ಲ, ಕೂಡಲೇ ಬಳಸಬೇಕು.

ಯಂತ್ರಗಳು

1997ರಲ್ಲಿ ‘ದಿ ವ್ಯಾಂಡ್’ ಎಂಬ ಯಂತ್ರ ಅಮೆರಿಕದ ಮಾರುಕಟ್ಟೆಗೆ ಬಂತು. ಪೆನ್ನಿನಂಥ ಹಿಡಿಯ ತುದಿಯಲ್ಲಿ ಸೂಜಿ, ಅದಕ್ಕೊಂದು ತೆಳುವಾದ ನಳಿಗೆ, ಕಾಲಿನಲ್ಲಿ ಒತ್ತುವ ಪೆಡಲ್. ಮದ್ದು ಎಷ್ಟು ವೇಗದಲ್ಲಿ ಹೋಗಬೇಕೆಂಬುದನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ನಿಧಾನದ ವೇಗದಲ್ಲಿ ಎರಡು ಸೆಕೆಂಡಿಗೆ ಸುಮಾರು ಒಂದು ಹನಿ. ತರೀಕೆರೆ, ಕಡೂರಿನ ಅಡಿಕೆ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಪೈಪು ಹಿಡಿದು ಬಿಟ್ಟ ನೀರು ಮೇಲೇ ಹರಿದುಹೋದರೆ, ಡ್ರಿಪ್ಪಿನ ಹನಿ ಬುಡಕ್ಕೆ ಇಂಗುತ್ತದೆ. ಅಂಗಾಂಶ ಹೀರಿಕೊಳ್ಳುವ ವೇಗ ಮೀರದಂತೆ ಮದ್ದು ಹೋದರೆ ಒತ್ತಡ ಏಳುವುದಿಲ್ಲ, ನೋವೂ ಏಳುವುದಿಲ್ಲ. ಸಿರಿಂಜಿನ ಆಕಾರ ಕಾಣದಿರುವುದರಿಂದ ಭಯವೂ ಕಡಿಮೆ. ಆದರೆ ಯಂತ್ರ ದುಬಾರಿ, ಪ್ರತಿ ರೋಗಿಗೂ ಹೊಸ ನಳಿಗೆ ಬೇಕು. ನಿಧಾನವಾಗಿ ಹಾಕುವ ಕೈಯ ಜೊತೆ ಹೋಲಿಸಿದ ಕೆಲವು ಅಧ್ಯಯನಗಳಲ್ಲಿ ಇದರ ಮೇಲುಗೈ ಅಷ್ಟೇನೂ ಕಂಡಿಲ್ಲ. ನನ್ನ ಅಭಿಪ್ರಾಯದಲ್ಲಿ ಈ ಯಂತ್ರದ ದೊಡ್ಡ ಕೊಡುಗೆ ಎಂದರೆ ಅವಸರವನ್ನು ಅದು ಅಸಾಧ್ಯಗೊಳಿಸುವುದು. ಆ ಸಂಯಮವನ್ನು ಕೈಗೂ ಕಲಿಸಬಹುದು.

ಕೆನ್ನೆ ಅಲುಗಿಸುವ ಬೆರಳಿನ ಕೆಲಸ ಮಾಡುವ ಕಂಪನದ ಸಾಧನಗಳೂ ಬಂದಿವೆ. ಡೆಂಟಲ್‌ವೈಬ್ ಬಾಯಿಯೊಳಗೇ ಒಸಡನ್ನು ಕಂಪಿಸುತ್ತದೆ. ಮಕ್ಕಳ ವೈದ್ಯೆ ಆಮಿ ಬ್ಯಾಕ್ಸ್‌ಟರ್ ರೂಪಿಸಿದ ಜೇನುನೊಣದ ಆಕಾರದ ಬಝಿ ಎಂಬ ಸಾಧನ ಹೊರಗಿನಿಂದ ತಂಪು ಮತ್ತು ಕಂಪನ ಎರಡನ್ನೂ ಕೊಡುತ್ತದೆ. ಸೂಜಿಯೇ ಇಲ್ಲದೆ ಒತ್ತಡದಿಂದ ಮದ್ದು ಚಿಮ್ಮಿಸುವ ಜೆಟ್ ಸಾಧನಗಳು ಮೇಲ್ಪದರಕ್ಕೆ ಸಾಕು, ಆಳದ ನರಕ್ಕೆ ಸಾಲವು. ಚಿಮ್ಮುವ ಸದ್ದಿಗೇ ಮಕ್ಕಳು ಬೆಚ್ಚುತ್ತಾರೆ. ಮೂಗಿಗೆ ಹಾಕುವ ಸ್ಪ್ರೇ ಒಂದಕ್ಕೆ 2016ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ಅದು ಮೇಲಿನ ಮುಂಭಾಗದ ಹಲ್ಲುಗಳಿಗೆ ಮಾತ್ರ. ವೆಲ್ಸ್ ಬಳಸಿದ ನಗೆ ಅನಿಲ ಆಮ್ಲಜನಕದೊಂದಿಗೆ ಬೆರೆತು ಇಂದಿಗೂ ಬಳಕೆಯಲ್ಲಿದೆ. ಅದು ಎಚ್ಚರ ತಪ್ಪಿಸುವುದಿಲ್ಲ, ಭಯ ಕರಗಿಸುತ್ತದೆ. ಅದಕ್ಕೆ ಬೇಕಾದ ಸಲಕರಣೆ ಇರುವುದು ಹೆಚ್ಚಾಗಿ ದಂತ ಕಾಲೇಜುಗಳಲ್ಲಿ, ನಗರದ ದೊಡ್ಡ ಕ್ಲಿನಿಕ್ಕುಗಳಲ್ಲಿ. ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕಿನವರಿಗೆ ಹತ್ತಿರದ ದಂತ ಕಾಲೇಜುಗಳೆಂದರೆ ಶಿವಮೊಗ್ಗ, ದಾವಣಗೆರೆ ಮತ್ತು ಹಾಸನದವು.

ಬಾಯಿ ತೆರೆಯಲಾಗದವರು

ಈ ಸೀಮೆಗೇ ಸೇರಿದ ಒಂದು ಕಷ್ಟದ ಬಗ್ಗೆ ತುಸು ನಿಂತು ಹೇಳಬೇಕು. ಇದು ಅಡಿಕೆಯ ನಾಡು. ತೋಟ ಇಲ್ಲಿನ ಬದುಕು, ಎಲೆಅಡಿಕೆ ಇಲ್ಲಿನ ಮರ್ಯಾದೆ. ಆದರೆ ಅಡಿಕೆಯನ್ನು ದಿನವಿಡೀ ಬಾಯಲ್ಲಿಟ್ಟುಕೊಳ್ಳುವವರಿಗೆ, ಅದರಲ್ಲೂ ಗುಟ್ಕಾ, ಪಾನ್ ಮಸಾಲದ ಚೀಟಿ ಹರಿಯುವ ಹುಡುಗರಿಗೆ, ಕೆನ್ನೆಯ ಒಳಪದರ ಬರಬರುತ್ತ ನಾರುಗಟ್ಟಿ ಬಿಗಿಯುತ್ತದೆ. ಮೊದಲು ಖಾರ ತಿಂದರೆ ಉರಿ. ಆಮೇಲೆ ಮೂರು ಬೆರಳು ಹಿಡಿಯುತ್ತಿದ್ದ ಬಾಯಿಗೆ ಎರಡು, ಕೊನೆಗೆ ಒಂದು ಬೆರಳೂ ಹೋಗದಂತಾಗುತ್ತದೆ. ತಂಬಾಕು ಇಲ್ಲದ ಬರೀ ಅಡಿಕೆಯಿಂದಲೂ ಇದು ಬರುತ್ತದೆ. 1952ರಲ್ಲಿ ಶ್ವಾರ್ಟ್ಜ್ ಎಂಬ ವೈದ್ಯ ಇದನ್ನು ಮೊದಲು ದಾಖಲಿಸಿದ್ದು ಪೂರ್ವ ಆಫ್ರಿಕದಲ್ಲಿ ನೆಲೆಸಿದ್ದ ಐವರು ಭಾರತೀಯ ಹೆಂಗಸರಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನು 2004ರಲ್ಲಿ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಕರ್ನಾಟಕ ಸರ್ಕಾರ 2013ರಲ್ಲಿ ಗುಟ್ಕಾ ನಿಷೇಧಿಸಿತು. ಅಡಿಕೆ ಬೆಳೆಯುವವರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಆದರೆ ಇಪ್ಪತ್ತರ ಹುಡುಗ ಬಾಯಿ ತೆರೆಯಲಾಗದೆ ಮುದ್ದೆಯನ್ನು ಚೂರು ಮಾಡಿ ಹಲ್ಲಿನ ಸಂದಿಯಲ್ಲಿ ತೂರಿಸಿಕೊಳ್ಳುವುದನ್ನು ನೋಡಿ ಸುಮ್ಮನಿರಲಾಗದು.

ಇಂಥವರ ಕೆಳದವಡೆಯ ಹಲ್ಲು ಕೀಳಬೇಕಾದರೆ ಏನು ಮಾಡುವುದು? ಸಾಮಾನ್ಯ ಕ್ರಮದಲ್ಲಿ ಬಾಯಿ ಅಗಲವಾಗಿ ತೆರೆಸಿ, ದವಡೆ ಮೂಳೆಯ ಒಳಮೈಯಲ್ಲಿ ನರ ಹೊಕ್ಕುವ ಜಾಗದ ಬಳಿಗೆ ಸೂಜಿ ಒಯ್ಯಬೇಕು. ಬಾಯಿಯೇ ತೆರೆಯದಿದ್ದರೆ ಆ ದಾರಿ ಮುಚ್ಚಿದಂತೆ. ಬಲವಂತದಿಂದ ತೆರೆಸಿದರೆ ನಾರುಗಟ್ಟಿದ ಕೆನ್ನೆ ಹರಿಯುವ ನೋವು ಸೂಜಿಯ ನೋವಿಗಿಂತ ಹೆಚ್ಚು. ಇದಕ್ಕೊಂದು ಜಾಣ ದಾರಿಯನ್ನು 1960ರಲ್ಲಿ ವಜೀರಾನಿ, 1977ರಲ್ಲಿ ನೈಜೀರಿಯದ ಅಕಿನೋಸಿ ವಿವರಿಸಿದರು. ರೋಗಿ ಬಾಯಿ ಮುಚ್ಚಿ, ಹಲ್ಲಿಗೆ ಹಲ್ಲು ಮೆಲ್ಲಗೆ ತಾಗಿಸಿ ಕೂರುತ್ತಾನೆ. ಡಾಕ್ಟರು ಕೆನ್ನೆಯನ್ನು ಬದಿಗೆ ಸರಿಸಿ, ಮೇಲಿನ ದವಡೆಹಲ್ಲುಗಳ ಒಸಡಿನ ಮಟ್ಟದಲ್ಲಿ, ಆ ಹಲ್ಲುಸಾಲಿಗೆ ಸಮನಾಗಿ ಸೂಜಿಯನ್ನು ಹಿಂದಕ್ಕೆ ಸುಮಾರು 25 ಮಿಲಿಮೀಟರ್ ಒಯ್ಯುತ್ತಾರೆ. ಸೂಜಿ ಮೂಳೆಗೆ ತಾಗುವುದಿಲ್ಲ, ದವಡೆಯ ಸ್ನಾಯುಗಳು ಸಡಿಲವಾಗಿರುತ್ತವೆ, ಆದ್ದರಿಂದ ನೋವೂ ಕಡಿಮೆ. ಬಾಯಿ ತೆರೆಯುವುದಿಲ್ಲ ಎಂಬ ಕಾರಣಕ್ಕೆ “ನಂಗೆ ಇಂಜೆಕ್ಷನ್ ಮಾಡಕ್ಕಾಗಲ್ಲ” ಎಂದು ಮನೆಯಲ್ಲೇ ಕೂತವರಿಗೆ ಈ ಸುದ್ದಿ ತಲುಪಬೇಕು. ಈ ಕ್ರಮ ಕೈಗೆ ಕೂಡಿಬರಲು ಅಭ್ಯಾಸ ಬೇಕು. ದಂತ ಕಾಲೇಜಿನ ಬಾಯಿ ಶಸ್ತ್ರಚಿಕಿತ್ಸೆ ವಿಭಾಗದವರು ಇದನ್ನು ಬಲ್ಲರು.

ಮಕ್ಕಳು ಮತ್ತು ಮನೆಯ ಮಾತು

ಸೂಜಿಯ ಭಯ ಮಕ್ಕಳಿಗೆ ಕ್ಲಿನಿಕ್ಕಿನಲ್ಲಷ್ಟೇ ಅಲ್ಲ, ಮನೆಯಲ್ಲೂ ಹುಟ್ಟುತ್ತದೆ. “ಊಟ ಮಾಡ್ಲಿಲ್ಲ ಅಂದ್ರೆ ಡಾಕ್ಟ್ರ ಹತ್ರ ಕರ್ಕೊಂಡ್ ಹೋಗಿ ಸೂಜಿ ಚುಚ್ಚಿಸ್ತೀನಿ ನೋಡು” ಎಂಬ ಬೆದರಿಕೆ ಕೇಳಿ ಬೆಳೆದ ಮಗು ಕುರ್ಚಿ ಕಂಡರೇ ಕಿರುಚುತ್ತದೆ. ಅಮ್ಮಂದಿರೇ, ಅಜ್ಜಿಯರೇ, ದಯವಿಟ್ಟು ಈ ಮಾತು ಬಿಡಿ. “ಏನೂ ಆಗಲ್ಲ, ಚುಚ್ಚೋದೇ ಇಲ್ಲ” ಎಂಬ ಸುಳ್ಳನ್ನೂ ಬಿಡಿ. ಒಮ್ಮೆ ಮೋಸಹೋದ ಮಗು ಮತ್ತೆ ನಂಬುವುದಿಲ್ಲ. ಮಕ್ಕಳ ದಂತವೈದ್ಯರು 1959ರಿಂದ ಬಳಸುತ್ತಿರುವ ಕ್ರಮ ಸರಳ: ಮೊದಲು ಹೇಳು, ಆಮೇಲೆ ತೋರಿಸು, ಆಮೇಲೆ ಮಾಡು. “ಹಲ್ಲಿಗೆ ನಿದ್ದೆ ಬರ್ಸ್ತೀನಿ ಪುಟ್ಟಾ, ಮೊದ್ಲು ಸ್ವಲ್ಪ ಒತ್ತಿದ ಹಾಗಾಗತ್ತೆ” ಎಂದರೆ ಅದು ನಿಜವೂ ಹೌದು, ಹಿತವೂ ಹೌದು. ಕಣ್ಣಿಗೆ ಕಟ್ಟುವ ವಿ.ಆರ್. ಕನ್ನಡಕ ಗಮನ ಬೇರೆಡೆ ಸೆಳೆದು ನೋವು ತಗ್ಗಿಸುತ್ತದೆ ಎನ್ನುತ್ತಾರೆ. ಫೋನಿನ ಕಾರ್ಟೂನ್ ಕೂಡ ಆ ಕೆಲಸ ಬಹಳ ಮಟ್ಟಿಗೆ ಮಾಡುತ್ತದೆ.

ಮಕ್ಕಳಿಗೆ ಮದ್ದಿನ ಪ್ರಮಾಣ ತೂಕದ ಮೇಲೆ ನಿಲ್ಲುತ್ತದೆ. ಅಮೆರಿಕದ ಮಕ್ಕಳ ದಂತವೈದ್ಯರ ಅಕಾಡೆಮಿಯ ಪ್ರಕಾರ ಲಿಗ್ನೋಕೇನಿನ ಗರಿಷ್ಠ ಮಿತಿ ಕಿಲೋ ತೂಕಕ್ಕೆ 4.4 ಮಿಲಿಗ್ರಾಂ. 15 ಕಿಲೋ ಮಗುವಿಗೆ ಶೇಕಡ 2ರ ಮದ್ದು 3.3 ಮಿಲಿಲೀಟರ್ ದಾಟಬಾರದು. ಎರಡು ವರ್ಷದೊಳಗಿನ ಕೂಸಿಗೆ ಬೆಂಜೊಕೇನ್ ಜೆಲ್ ಹಚ್ಚಲೇಬಾರದು. ರಕ್ತ ಆಮ್ಲಜನಕ ಒಯ್ಯುವ ಶಕ್ತಿಯನ್ನೇ ಅದು ಕುಂದಿಸಬಹುದು. ಹಲ್ಲು ಹುಟ್ಟುವಾಗ ಅಂಗಡಿಯಿಂದ ಜೆಲ್ ತಂದು ಹಚ್ಚುವವರು ಇದನ್ನು ಗಮನಿಸಬೇಕು. ಚಿಕಿತ್ಸೆಯ ನಂತರ ತುಟಿ ಎರಡು ಮೂರು ಗಂಟೆ ಮರಗಟ್ಟಿರುತ್ತದೆ. ಮಗು ಗೊತ್ತಿಲ್ಲದೆ ಅದನ್ನು ಜಗಿದು ಗಾಯ ಮಾಡಿಕೊಳ್ಳುತ್ತದೆ, ಆದ್ದರಿಂದ ಬಸ್ಸಿನಲ್ಲಿ ವಾಪಸಾಗುವಾಗ ಬಿಸ್ಕತ್ತು ಕೊಡಬೇಡಿ.

ಹೋಗುವ ಮುನ್ನ

ಇಂಜೆಕ್ಷನ್ ಎಂದರೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕೆಂದು ಬೆಳಗಿನ ಮೊದಲ ಬಸ್ಸು ಹತ್ತಿ ಬರುವವರು ನಮ್ಮಲ್ಲಿ ಬಹಳ. ಹಲ್ಲಿನ ಸೂಜಿಗೆ ಅದು ತಪ್ಪು. ತಿಂಡಿ ತಿಂದು ಹೋಗಿ, ಹಸಿದವರೇ ಹೆಚ್ಚು ತಲೆತಿರುಗಿ ಬೀಳುವುದು. ಬಿಪಿ, ಶುಗರ್, ಹೃದಯದ ತೊಂದರೆ ಇದ್ದರೆ, ತೆಗೆದುಕೊಳ್ಳುವ ಮಾತ್ರೆಗಳ ಚೀಟಿಯನ್ನೇ ಒಯ್ದು ತೋರಿಸಿ. ಹೃದಯದ ತೊಂದರೆ ಇದೆಯೆಂದು ಸಾಮಾನ್ಯವಾಗಿ ಅಡ್ರಿನಲಿನ್ ಪೂರ್ತಿ ಬಿಡಬೇಕಾಗಿಲ್ಲ, ಡಾಕ್ಟರು ಪ್ರಮಾಣ ಇಳಿಸುತ್ತಾರೆ. ಸರಿಯಾಗಿ ಮರಗಟ್ಟದ ಹಲ್ಲು ಕಿತ್ತರೆ ಆ ನೋವಿಗೆ ದೇಹವೇ ಅಡ್ರಿನಲಿನ್ ಸುರಿಸುತ್ತದೆ. ಗರ್ಭಿಣಿಯರಿಗೆ ಲಿಗ್ನೋಕೇನ್ ಕೊಡಬಹುದು. ನಾಲ್ಕರಿಂದ ಆರು ತಿಂಗಳ ನಡುವಿನ ಕಾಲ ಒಳ್ಳೆಯದು. ಹಿಂದೊಮ್ಮೆ ಎದೆ ಡವಗುಟ್ಟಿದ್ದಕ್ಕೆ “ನನಗೆ ಈ ಇಂಜೆಕ್ಷನ್ ಆಗಲ್ಲ, ಅಲರ್ಜಿ” ಎಂದು ತೀರ್ಮಾನಿಸಿಕೊಂಡವರು ಅದನ್ನು ಹಾಗೇ ವಿವರಿಸಿ ಹೇಳಿ. ಬಹಳ ಸಲ ಅದು ಅಡ್ರಿನಲಿನ್ನಿನ ಪರಿಣಾಮ. ಲಿಗ್ನೋಕೇನಿಗೆ ನಿಜವಾದ ಅಲರ್ಜಿ ತೀರಾ ಅಪರೂಪ.

ಡಾಕ್ಟರಿಗೂ ಒಂದು ಮಾತು. ತಾಲ್ಲೂಕು ಆಸ್ಪತ್ರೆಯಲ್ಲಿ ಸಂತೆಯ ದಿನ ಸಾಲು ಬಾಗಿಲಾಚೆಗೆ ಹೋಗಿರುತ್ತದೆ, ಒಬ್ಬೊಬ್ಬರಿಗೆ ಎರಡು ನಿಮಿಷ ಸೂಜಿ ಹಿಡಿದು ನಿಲ್ಲುವುದು ಸುಲಭವಲ್ಲ. ಆದರೆ ಮದ್ದು ಹಿಡಿಯಲು ಹೇಗೂ ಮೂರರಿಂದ ಐದು ನಿಮಿಷ, ಕೆಳದವಡೆಗೆ ಕೆಲವೊಮ್ಮೆ ಹತ್ತು ನಿಮಿಷ ಬೇಕು. ಒಬ್ಬರಿಗೆ ಜೆಲ್ ಹಚ್ಚಿ ಕೂರಿಸಿ, ಇನ್ನೊಬ್ಬರಿಗೆ ಮದ್ದು ಹಿಡಿಯುವಾಗ ಅವರ ಬಳಿಗೆ ಬಂದರೆ ಆ ಕಾಯುವಿಕೆ ವ್ಯರ್ಥವಾಗುವುದಿಲ್ಲ.

ರೋಗಿಗಳು ಕೇಳಲು ಹಿಂಜರಿಯಬಾರದು. “ಡಾಕ್ಟ್ರೇ, ಜೆಲ್ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಹಾಕಿ, ನಿಧಾನವಾಗಿ ಹಾಕಿ, ನೋವಾದ್ರೆ ಎಡಗೈ ಎತ್ತುತೀನಿ, ನಿಲ್ಲಿಸಿ” ಎಂದು ಹೇಳುವುದು ಉದ್ಧಟತನವಲ್ಲ. ಒಳ್ಳೆಯ ಡಾಕ್ಟರು ಇದನ್ನು ತಾವೇ ಹೇಳಿಕೊಡುತ್ತಾರೆ. ತೀರಾ ನೋಯುತ್ತಿರುವ ಹಲ್ಲಿಗೆ ಒಂದು ಗಂಟೆ ಮುಂಚೆ ಐಬುಪ್ರೊಫೆನ್ ಮಾತ್ರೆ ನುಂಗಿದರೆ ಕೆಳದವಡೆಯ ಇಂಜೆಕ್ಷನ್ ಚೆನ್ನಾಗಿ ಹಿಡಿಯುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಅಲ್ಸರ್, ಕಿಡ್ನಿ ತೊಂದರೆ, ಆಸ್ತಮಾ ಇರುವವರಿಗೆ, ಗರ್ಭಿಣಿಯರಿಗೆ ಆ ಮಾತ್ರೆ ಸಲ್ಲದು. ಆದ್ದರಿಂದ ಕೇಳಿಯೇ ನುಂಗಿ.

ಎಲ್ಲಕ್ಕಿಂತ ಮುಖ್ಯವಾಗಿ, ಹಲ್ಲು ತಣ್ಣೀರಿಗೆ ಜುಮ್ಮೆನ್ನುವಾಗಲೇ ಹೋಗಿ. ಆಗ ಒಂದು ಸಣ್ಣ ಸೂಜಿಯಲ್ಲೋ, ಕೆಲವೊಮ್ಮೆ ಸೂಜಿಯೇ ಇಲ್ಲದೆಯೋ ಹಲ್ಲು ತುಂಬಿ ಕಳಿಸುತ್ತಾರೆ. ದವಡೆ ಕೆಳಗೆ ಊದಿ, ಜ್ವರ ಬಂದು, ಬಾಯಿ ತೆರೆಯಲು, ಎಂಜಲು ನುಂಗಲು, ಉಸಿರಾಡಲು ಕಷ್ಟವಾಗುತ್ತಿದ್ದರೆ ಮಾತ್ರ ನಾಳೆ ನೋಡೋಣ ಎನ್ನಬೇಡಿ. ಕೀವು ಕುತ್ತಿಗೆಗೆ ಇಳಿದರೆ ಉಸಿರುನಾಳವನ್ನೇ ಮುಚ್ಚಬಹುದು. ರಾತ್ರಿಯಾಗಿದ್ದರೂ ಅದೇ ಹೊತ್ತಿಗೆ 108ಕ್ಕೆ ಕರೆಮಾಡಿ ದೊಡ್ಡ ಆಸ್ಪತ್ರೆಗೆ ಹೊರಡಿ.